ದೆವ್ವದ ಹೋಟೆಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ: ಮೊದಲ ಫೋನಿನಿಂದ ಮಲಗುವ ಹೊತ್ತಿನವರೆಗೆ

ಕೆಂಪು ಬೆಳಕು, ಗೋಡೆಗೊರಗಿದ ಅಸ್ಥಿಪಂಜರ, ಶವಪೆಟ್ಟಿಗೆಯ ಆಕಾರದ ಟೇಬಲ್, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಸಪ್ಲೈಯರ್. ಇಂಥ ಜಾಗಗಳು ಇಂದು ನಿನ್ನೆಯವಲ್ಲ. 1890ರ ದಶಕದಲ್ಲೇ ಪ್ಯಾರಿಸ್ಸಿನ ಮೊಂಮಾರ್ತ್ರ ಬಡಾವಣೆಯ ಒಂದು ಮದ್ಯಗೃಹದಲ್ಲಿ ಗಿರಾಕಿಗಳು ಶವಪೆಟ್ಟಿಗೆಗಳ ಸುತ್ತ ಕೂತು ಕುಡಿಯುತ್ತಿದ್ದರು. ಪಾನೀಯಗಳಿಗೆ ರೋಗಗಳ ಹೆಸರಿತ್ತು. ಅದು ದೊಡ್ಡವರ ಆಟ. ಈಗ ಅದೇ ಆಟಕ್ಕೆ ಹುಟ್ಟುಹಬ್ಬದ ಹೆಸರಿನಲ್ಲಿ ಐದು ವರ್ಷದ ಮಕ್ಕಳೂ ಬರುತ್ತಿದ್ದಾರೆ. ಒಳಗಿನ ಸಲಕರಣೆ ಮಾತ್ರ ದೊಡ್ಡವರ ಎತ್ತರಕ್ಕೆ, ದೊಡ್ಡವರ ಕಿವಿಗೆ, ದೊಡ್ಡವರ ಎದೆಗೆ ಅಳತೆ ಮಾಡಿದ್ದು.

ಹೋಗಬಾರದು ಎಂದು ಹೇಳಲು ಈ ಬರಹವಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೊಳ್ಳಿದೆವ್ವದ ಕಥೆ ಕೇಳಿದವರಿಗೆ ಹೆದರಿಕೆಯ ರುಚಿ ಗೊತ್ತು. ಆ ಕಥೆ ಯಾಕೆ ಹಿತವಾಗಿತ್ತು ಎಂದರೆ ಅಜ್ಜಿಯ ಸೆರಗು ಕೈಯಲ್ಲಿತ್ತು, ‘ಸಾಕು ಅಜ್ಜಿ’ ಅಂದರೆ ಕಥೆ ನಿಲ್ಲುತ್ತಿತ್ತು. ದೆವ್ವದ ಹೋಟೆಲಿನಲ್ಲೂ ಮಗುವಿಗೆ ಈ ಎರಡು ಸಿಗಬೇಕು: ಹಿಡಿದುಕೊಳ್ಳಲು ಒಂದು ಸೆರಗು, ನಿಲ್ಲಿಸಲು ಒಂದು ಮಾತು. ಕೆಳಗಿನದೆಲ್ಲ ಅದಕ್ಕಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ.

ಯಾವ ವಯಸ್ಸಿಗೆ ಏನು

1969ರಲ್ಲಿ ರೀಟಾ ಡಿವ್ರೀಸ್ ಎಂಬ ಮನಶ್ಶಾಸ್ತ್ರಜ್ಞೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮಕ್ಕಳಿಗೆ ತೋರಿಸಿ, ಆಮೇಲೆ ಅದರ ಮುಖಕ್ಕೆ ನಾಯಿಯ ಮುಖವಾಡ ಹಾಕಿದರು. ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಅದು ನಾಯಿಯೇ ಆಗಿಹೋಯಿತು ಎಂದು ನಂಬಿದರು. ಆರು ವರ್ಷದವರು ಮುಖವಾಡ ಹಾಕಿದರೂ ಬೆಕ್ಕು ಬೆಕ್ಕೇ ಎಂದರು. ಹೋಟೆಲಿನ ಬಾಗಿಲಲ್ಲಿ ನಿಂತ ವೇಷಧಾರಿಯನ್ನು ತೋರಿಸಿ ‘ಅದು ಬರೀ ಮುಖವಾಡ ಕಣೋ’ ಎಂದು ಮೂರೂವರೆ ವರ್ಷದ ಮಗುವಿಗೆ ಹೇಳಿದರೆ ಯಾಕೆ ನಾಟುವುದಿಲ್ಲ ಎನ್ನುವುದು ಇದರಲ್ಲಿದೆ. ಮಗು ಹಟ ಮಾಡುತ್ತಿಲ್ಲ, ಅದರ ಕಣ್ಣಿಗೆ ಅಲ್ಲಿರುವುದು ನಿಜವಾದ ರಾಕ್ಷಸ.

ಮೂರು ವರ್ಷದೊಳಗಿನ ಕೂಸಿಗೆ ಅಸ್ಥಿಪಂಜರ ಏನೂ ಅಲ್ಲ. ಕತ್ತಲೆ, ಹಠಾತ್ ಸದ್ದು, ಹೊಗೆ ಇವಕ್ಕೆ ಅದು ಅಳುತ್ತದೆ. ಮೂರರಿಂದ ಆರು ವರ್ಷದವರಿಗೆ ಜೀವಂತ ವೇಷಧಾರಿಗಳಿರುವ ಜಾಗ ಬೇಡವೇ ಬೇಡ. ಬರೀ ಅಲಂಕಾರ, ಗೊಂಬೆ, ಬಣ್ಣದ ದೀಪ ಇರುವ ಕಡೆ ಹಗಲು ಹೊತ್ತಿನಲ್ಲಿ ಕರೆದೊಯ್ಯಬಹುದು. ಏಳರಿಂದ ಹತ್ತು ವರ್ಷ ಇದಕ್ಕೆ ಒಳ್ಳೆಯ ಕಾಲ: ಸುಳ್ಳೆಂದು ಗೊತ್ತು, ಆದರೂ ಬೆಚ್ಚಿಬೀಳುವುದರಲ್ಲಿ ಖುಷಿಯಿದೆ. ಹನ್ನೊಂದು ದಾಟಿದವರ ಕಷ್ಟ ಬೇರೆ. ಹೆದರಿಕೆಯಾದರೂ ಗೆಳೆಯರ ಮುಂದೆ ತೋರಿಸಿಕೊಳ್ಳುವುದಿಲ್ಲ. ಅವರನ್ನು ಎಲ್ಲರೆದುರು ‘ಭಯ ಆಯ್ತಾ?’ ಎಂದು ಕೇಳಬೇಡಿ, ‘ನೀರು ತರೋಣ ಬಾ’ ಎಂದು ಎಬ್ಬಿಸಿಕೊಂಡು ಹೋಗಿ.

ಮನೆಯಲ್ಲಿ ಎರಡು ವಯಸ್ಸಿನ ಮಕ್ಕಳಿದ್ದರೆ ಲೆಕ್ಕ ಕಿರಿಯ ಮಗುವಿನದು. ಅಕ್ಕನಿಗೆ ಒಂಬತ್ತು, ತಮ್ಮನಿಗೆ ನಾಲ್ಕು ಎಂದಾದರೆ ಒಬ್ಬರು ಅಕ್ಕನ ಜೊತೆ ಒಳಗೆ, ಇನ್ನೊಬ್ಬರು ತಮ್ಮನ ಜೊತೆ ಪಾರ್ಕಿನಲ್ಲಿ. ಅಕ್ಕನ ಸಂಭ್ರಮ ಕೆಡದಿರಲು ಇದೇ ಸರಿಯಾದ ಏರ್ಪಾಡು.

ಹೆಚ್ಚು ಹೆದರಿದಷ್ಟೂ ಹೆಚ್ಚು ಮಜ ಎನ್ನುವ ಲೆಕ್ಕ ದೊಡ್ಡವರಿಗೂ ಸರಿಹೊಂದುವುದಿಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಒಂದು ಭೂತಬಂಗಲೆಗೆ ಬಂದ 110 ಜನರ ಹೃದಯ ಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಹೆದರಿದವರಿಗೂ ವಿಪರೀತ ಹೆದರಿದವರಿಗೂ ಸಂತೋಷ ಕಡಿಮೆ. ನಡುವೆ ನಿಂತವರಿಗೇ ಹೆಚ್ಚು ಮಜ ಸಿಕ್ಕಿತ್ತು. ಮಗುವಿನ ಆ ನಡು ಜಾಗ ನಿಮ್ಮದಕ್ಕಿಂತ ತುಂಬ ಕೆಳಗಿದೆ.

ಬುಕ್ ಮಾಡುವ ಮೊದಲು ಫೋನ್ ಮಾಡಿ

ಇನ್‌ಸ್ಟಾಗ್ರಾಮಿನ ರೀಲ್ ನೋಡಿ ಹೊರಡಬೇಡಿ. ಅದರಲ್ಲಿ ಸದ್ದಿನ ಮಟ್ಟ ತಿಳಿಯುವುದಿಲ್ಲ, ಕತ್ತಲೆಯನ್ನು ಕ್ಯಾಮೆರಾ ತಿದ್ದಿರುತ್ತದೆ. ಹೋಟೆಲಿಗೆ ಮಧ್ಯಾಹ್ನ ಮೂರರಿಂದ ಐದರ ಒಳಗೆ, ಅಂದರೆ ಗಿರಾಕಿ ಕಡಿಮೆ ಇರುವಾಗ, ಫೋನ್ ಮಾಡಿ ಮ್ಯಾನೇಜರ್ ಬಳಿ ಇಷ್ಟು ಕೇಳಿ:

– ವೇಷಧಾರಿಗಳು ಇದ್ದಾರೆಯೇ? ಯಾವ ಹೊತ್ತಿಗೆ ಬರುತ್ತಾರೆ? ಗಿರಾಕಿಗಳನ್ನು ಮುಟ್ಟುತ್ತಾರೆಯೇ?
– ಪಟಪಟನೆ ಮಿನುಗುವ ಸ್ಟ್ರೋಬ್ ದೀಪ ಇದೆಯೇ?
– ಹೊಗೆ ಯಂತ್ರ ಎಷ್ಟು ಹೊತ್ತಿಗೊಮ್ಮೆ ಓಡುತ್ತದೆ?
– ಒಳಗೆ ಹೋಗಲು ಕತ್ತಲ ದಾರಿ ಅಥವಾ ಗುಹೆಯಂಥ ಓಣಿ ದಾಟಲೇಬೇಕೇ? ನೇರ ಬಾಗಿಲು ಬೇರೆ ಇದೆಯೇ?
– ಶೌಚಾಲಯದೊಳಗೂ ಸದ್ದು, ಕನ್ನಡಿಯ ಆಟ ಇದೆಯೇ?
– ಮಕ್ಕಳಿಗೂ ಪ್ರವೇಶ ಶುಲ್ಕ ಇದೆಯೇ, ಊಟದ ಬಿಲ್ಲಿನಲ್ಲಿ ಅದನ್ನು ಕಳೆಯುತ್ತಾರೆಯೇ?

ಶೌಚಾಲಯದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಯಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಊಟದ ಹಾಲಿನಲ್ಲಿ ಧೈರ್ಯವಾಗಿದ್ದ ಮಗು ಒಬ್ಬಂಟಿಯಾಗಿ ಬಾಗಿಲು ಹಾಕಿಕೊಂಡ ಮೇಲೆ ಹಿಂದಿನಿಂದ ನಗು ಕೇಳಿದರೆ ಚಿಲಕ ತೆಗೆಯುವುದನ್ನೂ ಮರೆಯುತ್ತದೆ. ಅಂಥ ವ್ಯವಸ್ಥೆ ಇದೆ ಎಂದರೆ ಮಗುವಿನ ಜೊತೆ ನೀವೂ ಒಳಗೆ ಹೋಗಬೇಕು, ಅಥವಾ ಮಾಲ್‌ನ ಸಾಮಾನ್ಯ ಶೌಚಾಲಯಕ್ಕೆ ಕರೆದೊಯ್ಯಬೇಕು.

ಸ್ಟ್ರೋಬ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಕೆಲವು ಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು. ಅದುವರೆಗೆ ಒಮ್ಮೆಯೂ ಫಿಟ್ಸ್ ಬಾರದ ಮಗುವಿಗೂ ಹಾಗಾಗಬಹುದು. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗುವ ಒಂದು ಕಾರ್ಟೂನ್ ದೃಶ್ಯ ನೋಡಿ ಸುಮಾರು 700 ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗ ಇದ್ದರೆ ಸ್ಟ್ರೋಬ್ ಇರುವ ಜಾಗ ಬಿಟ್ಟುಬಿಡಿ. ಎಲ್ಲಾದರೂ ಹಠಾತ್ತಾಗಿ ಎದುರಾದರೆ ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ಬೇರೆ ಕಡೆ ತಿರುಗಿಸಿ. ಬರೀ ರೆಪ್ಪೆ ಮುಚ್ಚಿದರೆ ಸಾಲದು, ಬೆಳಕು ರೆಪ್ಪೆಯ ಮೂಲಕವೂ ಒಳಗೆ ಹೋಗುತ್ತದೆ.

ದಮ್ಮು, ಅಲರ್ಜಿ ಇರುವ ಮಕ್ಕಳ ಮನೆಯವರು ಹೊಗೆಯ ಬಗ್ಗೆ ವಿಚಾರಿಸಿಕೊಳ್ಳಿ. ಸಾಮಾನ್ಯ ಹೊಗೆ ಯಂತ್ರ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ನೀರನ್ನು ಕಾಯಿಸಿ ಹೊರಗೆ ಊದುತ್ತದೆ. ಸುಟ್ಟ ಹೊಗೆಯಲ್ಲದಿದ್ದರೂ ಗಂಟಲು ಒಣಗಿಸುತ್ತದೆ, ಕೆಮ್ಮು ಎಬ್ಬಿಸುತ್ತದೆ. ಇನ್‌ಹೇಲರ್ ಮತ್ತು ಸ್ಪೇಸರ್ ಎರಡೂ ಕೈಚೀಲದಲ್ಲಿರಲಿ, ಕಾರಿನಲ್ಲಲ್ಲ.

ಮೂರು ದಿನ ಮೊದಲು ಮನೆಯಲ್ಲಿ ಮಾಡುವ ಪಾಠ

ಇಡೀ ತಯಾರಿಯಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದು, ಖರ್ಚೂ ಕಡಿಮೆ. ಹೋಟೆಲಿನವರು ಬಳಸುವ ಉಪಾಯಗಳು ಬೆರಳೆಣಿಕೆಯಷ್ಟು. ಅವನ್ನು ಮಗುವಿಗೆ ಮೊದಲೇ ಬಿಡಿಸಿ ತೋರಿಸಿದರೆ ಅದು ಒಳಗೆ ಹೋಗಿ ದೆವ್ವ ನೋಡಿ ಓಡುವ ಬದಲು ಯಂತ್ರ ಎಲ್ಲಿದೆ ಎಂದು ಹುಡುಕುತ್ತದೆ.

ಮೊದಲನೆಯದು ಹೊಳೆಯುವ ತಲೆಬುರುಡೆ. ಯುವಿ, ಅಂದರೆ ನೇರಳಾತೀತ ಬೆಳಕಿನ, ಚಿಕ್ಕದೊಂದು ಟಾರ್ಚ್ ತನ್ನಿ. ಕೋಣೆ ಕತ್ತಲೆ ಮಾಡಿ, 500 ರೂಪಾಯಿ ನೋಟಿನ ನಂಬರಿನ ಮೇಲೆ ಹಿಡಿಯಿರಿ. ಅಂಕಿಗಳು ಹೊಳೆಯುತ್ತವೆ, ಕಾಗದದೊಳಗಿನ ಸಣ್ಣ ಎಳೆಗಳೂ ಕಾಣುತ್ತವೆ. ಮಾರ್ಜಕದಲ್ಲಿ ಒಗೆದ ಬಿಳಿ ಬನಿಯನ್ನು ನೀಲಿಯಾಗಿ ಹೊಳೆಯುತ್ತದೆ. ‘ಅಲ್ಲಿಯ ಬುರುಡೆಗೂ ಇಂಥದೇ ಬಣ್ಣ ಬಳಿದಿರುತ್ತಾರೆ’ ಎಂದರೆ ಸಾಕು. ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು ಎನ್ನುವುದು ಮೊದಲ ನಿಯಮ.

ಎರಡನೆಯದು ಗಾಳಿಯಲ್ಲಿ ತೇಲುವ ಆಕೃತಿ. ರಾತ್ರಿ ದೀಪ ಹಾಕಿದ ಕೋಣೆಯ ಕಿಟಕಿ ಗಾಜಿನಲ್ಲಿ ಮಗು ತನ್ನನ್ನೇ ನೋಡಿಕೊಳ್ಳಲಿ: ತಾನು ಹೊರಗಿನ ತೆಂಗಿನ ಮರದ ಪಕ್ಕ ನಿಂತ ಹಾಗೆ ಕಾಣುತ್ತದೆ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ದೆವ್ವ ತರಿಸಿದ್ದು ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನಿಂದ. ಮೊಂಮಾರ್ತ್ರದ ಮದ್ಯಗೃಹದವರೂ ಇದನ್ನೇ ಬಳಸಿದರು, ಇಂದಿಗೂ ಹಲವು ಕಡೆ ಇದೇ ನಡೆಯುತ್ತದೆ.

ಮೂರನೆಯದು ಹಠಾತ್ತಾಗಿ ನೆಗೆಯುವ ಗೊಂಬೆ. ಅದರ ಹಿಂದೆ ಒತ್ತಡದ ಗಾಳಿಯ ಕೊಳವೆ, ಎದುರು ಮನುಷ್ಯರ ಚಲನೆ ಹಿಡಿಯುವ ಸೆನ್ಸರ್. ಬಿಎಂಟಿಸಿ ಬಸ್ಸಿನ ಬಾಗಿಲು ತೆರೆಯುವಾಗ ‘ಫುಸ್’ ಎನ್ನುತ್ತದಲ್ಲ, ಅದೇ ಗಾಳಿ, ಅದೇ ಸದ್ದು. ಬಸ್ಸಿನಲ್ಲಿ ಹೋಗುವಾಗ ಮಗುವಿಗೆ ಆ ಸದ್ದು ಕೇಳಿಸಿ. ಮುಂದೆ ಹೋಟೆಲಿನಲ್ಲಿ ಗೊಂಬೆ ಎದ್ದಾಗ ‘ಬಸ್ ಬಾಗಿಲು!’ ಎಂದು ಕೂಗುವ ಆಟ ಕಲಿಸಿ. ಬೆಚ್ಚಿಬಿದ್ದ ಮರುಕ್ಷಣ ಬಾಯಲ್ಲಿ ಒಂದು ಮಾತು ಸಿದ್ಧವಿದ್ದರೆ ಅಳು ನಗುವಾಗುತ್ತದೆ.

ನಾಲ್ಕನೆಯದು ಮುಖವಾಡ. ಅದನ್ನು ಮಗುವೇ ಮೊದಲು ಹಾಕಿಕೊಂಡು ನಿಮ್ಮನ್ನು ಹೆದರಿಸಲಿ. ನೀವು ಹಾಕಿಕೊಳ್ಳುವಾಗ ಮಗುವಿನ ಎದುರಿಗೇ ಹಾಕಿಕೊಳ್ಳಿ, ಎದುರಿಗೇ ತೆಗೆಯಿರಿ. ಮೂಲೆಯಲ್ಲಿ ಅಡಗಿ ಹಾಕಿಕೊಂಡು ಬಂದರೆ ಇಷ್ಟು ದಿನದ ಪಾಠವೆಲ್ಲ ವ್ಯರ್ಥ.

ಕರಾವಳಿಯ ಮನೆಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಭೂತಕೋಲ ನೋಡಿ ಬೆಳೆಯುವ ಮಗುವಿಗೆ ಬಣ್ಣ ಬಳಿದ ಮುಖ, ಸಿಂಗಾರ, ಕೂಗು ಎಲ್ಲ ದೈವಕ್ಕೆ ಸೇರಿದ್ದು, ಕೈಮುಗಿಯಬೇಕಾದ್ದು. ಹೋಟೆಲಿನ ವೇಷ ಆ ಸಾಲಿನದಲ್ಲ ಎಂದು ಹೊರಡುವ ಮುಂಚೆಯೇ ಬಿಡಿಸಿ ಹೇಳಿ, ಇಲ್ಲದಿದ್ದರೆ ಮಗು ಎರಡನ್ನೂ ಬೆರೆಸಿಕೊಳ್ಳುತ್ತದೆ. ದೈವದ ಮೊಗವನ್ನೇ ಅಲಂಕಾರಕ್ಕೆ ತೂಗುಹಾಕಿದ ಹೋಟೆಲಿಗೆ ಮಕ್ಕಳನ್ನು ಕರೆದೊಯ್ಯದಿರುವುದೇ ಒಳ್ಳೆಯದು.

ಕೊನೆಗೆ ನಿಲ್ಲಿಸುವ ಮಾತು. ‘ಸಾಕು’ ಎಂದರೆ ಎಲ್ಲರೂ ಎದ್ದು ಬೆಳಕಿಗೆ ಹೋಗುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳಿ. ಗದ್ದಲದಲ್ಲಿ ಮಾತು ಕೇಳದೇ ಹೋಗಬಹುದು, ಆದ್ದರಿಂದ ತಲೆಯ ಮೇಲೆ ಕೈ ಇಟ್ಟರೂ ಅದೇ ಅರ್ಥ. ಮನೆಯಲ್ಲಿ ಎರಡು ಸಲ ಆಡಿ ನೋಡಿ. ಮಗು ‘ಸಾಕು’ ಎಂದ ತಕ್ಷಣ ನೀವು ಆಟ ನಿಲ್ಲಿಸಿದ್ದನ್ನು ಅದು ಕಣ್ಣಾರೆ ನೋಡಿದರೆ ಮಾತ್ರ ಅಲ್ಲಿಯೂ ನಂಬುತ್ತದೆ.

ದಿನ, ಹೊತ್ತು, ಚೀಲ

ವಾರದ ದಿನ, ಬಾಗಿಲು ತೆರೆದ ಮೊದಲ ಗಂಟೆ. ಮಧ್ಯಾಹ್ನ ಹನ್ನೆರಡೂವರೆಗೆ ಸದ್ದು ಕಡಿಮೆ, ಸಿಬ್ಬಂದಿಗೆ ಪುರುಸೊತ್ತು. ಅಕ್ಟೋಬರ್ ಕೊನೆಯ ವಾರ ಹ್ಯಾಲೋವೀನ್ ಗದ್ದಲ, ಮೊದಲ ಸಲ ಹೋಗುವವರಿಗೆ ಅದು ಬೇಡ. ಅಮಾವಾಸ್ಯೆಗೆ ಅಜ್ಜಿ ಬೇಡ ಎಂದರೆ ವಾದಿಸಬೇಡಿ. ಮನೆಯ ಹಿರಿಯರು ಕಳವಳಪಡುತ್ತಿದ್ದರೆ ಮಗುವಿಗೂ ಅದು ಅಂಟುತ್ತದೆ.

ಹಸಿದ ಮಗು ಬೇಗ ಹೆದರುತ್ತದೆ. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಬಂದ ಮಗುವನ್ನು ನೇರ ಕತ್ತಲೊಳಗೆ ನುಗ್ಗಿಸಬೇಡಿ. ಹೊರಡುವಾಗ ಒಂದು ಬಾಳೆಹಣ್ಣು, ತಲುಪಿದ ಮೇಲೆ ಹತ್ತು ನಿಮಿಷ ಹೊರಗೆ ಓಡಾಟ. ಒಳಗೆ ಒಟ್ಟು ಒಂದು ಗಂಟೆ, ಹೆಚ್ಚೆಂದರೆ ಎಪ್ಪತ್ತೈದು ನಿಮಿಷ. ಚೀಲದಲ್ಲಿ ಚಿಕ್ಕ ಟಾರ್ಚ್, ನೀರು, ಒಂದು ಜೊತೆ ಚಡ್ಡಿ, ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಆಕಾರದ ಇಯರ್‌ಮಫ್. ತೋಳಳತೆಯ ದೂರದಲ್ಲಿರುವವರ ಜೊತೆ ಕೂಗಿಯೇ ಮಾತಾಡಬೇಕಾಗಿದ್ದರೆ ಸದ್ದು ಸುಮಾರು 85 ಡೆಸಿಬೆಲ್ ಮುಟ್ಟಿದೆ ಎಂದು ತಿಳಿಯಿರಿ, ಇಯರ್‌ಮಫ್ ಹಾಕಿ.

ಒಳಗೆ ಕಾಲಿಟ್ಟ ಮೊದಲ ಐದು ನಿಮಿಷ

ಟೇಬಲ್ ನೋಡುವ ಮೊದಲು ಬಾಗಿಲು ನೋಡಿ. 1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಮನರಂಜನಾ ಉದ್ಯಾನವೊಂದರ ಭೂತಬಂಗಲೆಗೆ ಬೆಂಕಿ ಬಿದ್ದು ಎಂಟು ಹದಿಹರೆಯದವರು ಸತ್ತರು. ಫೋಮ್ ಹೊದಿಕೆ ಹೊತ್ತಿಕೊಂಡಿತ್ತು, ಒಳಗೆ ಕತ್ತಲೆಯ ಸುತ್ತುಬಳಸಿನ ದಾರಿ. ಅಲ್ಲಿಂದೀಚೆಗೆ ಅಮೆರಿಕದ ಅಗ್ನಿಸುರಕ್ಷಾ ನಿಯಮಗಳು ಇಂಥ ಕಟ್ಟಡಗಳಲ್ಲಿ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ಬೇಕು, ಹೊಗೆ ಪತ್ತೆಯಾದ ತಕ್ಷಣ ದೀಪಗಳು ಹೊತ್ತಿಕೊಂಡು ಹೆದರಿಸುವ ಸದ್ದು ನಿಲ್ಲಬೇಕು ಎನ್ನುತ್ತವೆ. 2024ರ ಮೇ ತಿಂಗಳಲ್ಲಿ ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್ ಬೆಂಕಿಯಲ್ಲಿ ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಸತ್ತದ್ದು ನಮಗೆ ಇನ್ನೂ ಹಸಿಯಾಗಿದೆ. ಕತ್ತಲ ಅಲಂಕಾರದ ಜಾಗದಲ್ಲಿ ನಿಜವಾದ ಹೊಗೆಯನ್ನೂ ಜನ ಆಟದ ಹೊಗೆ ಎಂದು ನಕ್ಕು ಕೂತುಬಿಡುವ ಅಪಾಯ ಬೇರೆಲ್ಲಿಗಿಂತ ಹೆಚ್ಚು.

ಆದ್ದರಿಂದ ಹಸಿರು ದೀಪದ ನಿರ್ಗಮನ ಫಲಕ ಹೊತ್ತಿದೆಯೇ, ಕಪ್ಪು ಪರದೆ ಅದನ್ನು ಮುಚ್ಚಿದೆಯೇ ನೋಡಿ. ಎರಡನೆಯ ಬಾಗಿಲಿನವರೆಗೆ ಮಗುವಿನ ಕೈ ಹಿಡಿದು ನಡೆದು ಹೋಗಿ, ಅದು ತೆರೆಯುತ್ತದೆಯೇ ಎಂದು ಸಪ್ಲೈಯರ್ ಎದುರಿಗೇ ತಳ್ಳಿ ನೋಡಿ. ಬೀಗ ಹಾಕಿದ್ದರೆ, ಕುರ್ಚಿ ಪೇರಿಸಿದ್ದರೆ ಊಟ ಬೇರೆ ಕಡೆ ಮಾಡಿ. ಸಂಕೋಚ ಪಡಬೇಕಾದ ವಿಷಯವಲ್ಲ ಇದು. ‘ನಾವು ಹೊರಗೆ ಹೋಗುವ ದಾರಿ ಇದು’ ಎಂದು ತೋರಿಸಿದ ಮೇಲೆ ಮಗುವಿನ ಹೆಗಲು ಸಡಿಲಾಗುವುದನ್ನೂ ಕಾಣುತ್ತೀರಿ. ಬೆಂಕಿಯಿಂದ ಕಾಯುವುದೂ ಭಯದಿಂದ ಕಾಯುವುದೂ ಒಂದೇ ಬಾಗಿಲು.

ಟೇಬಲ್ ಗೋಡೆಗೆ ತಾಗಿದ್ದಿರಲಿ. ಮಗು ಗೋಡೆ ಮತ್ತು ದೊಡ್ಡವರ ನಡುವೆ, ಬೆನ್ನ ಹಿಂದೆ ಯಾರೂ ಬರಲಾಗದಂತೆ. ಓಣಿಯ ಅಂಚಿನ ಕುರ್ಚಿ ವೇಷಧಾರಿಯ ಕೈಗೆ ಮೊದಲು ಸಿಗುವ ಜಾಗ. ಸ್ಪೀಕರ್ ಕೆಳಗೆ, ಹೊಗೆ ಯಂತ್ರದ ಬಾಯಿಗೆ, ಅಡುಗೆಮನೆಯ ಎರಡು ಕಡೆ ತೂಗುವ ಬಾಗಿಲಿನ ಪಕ್ಕ ಕೂರಬೇಡಿ. ಕತ್ತಲಲ್ಲಿ ಬಿಸಿ ಸಾರು ಹಿಡಿದು ಬರುವವನಿಗೆ ನೆಲದಲ್ಲಿ ಆಡುವ ಮಗು ಕಾಣುವುದಿಲ್ಲ. ಇಂಥ ಹೋಟೆಲಿನಲ್ಲಿ ಮಕ್ಕಳು ಟೇಬಲ್ ಬಿಟ್ಟು ಓಡಾಡಲೇಬಾರದು.

ತಟ್ಟೆಯಲ್ಲಿರುವ ದೆವ್ವ

ಗೊಂಬೆಗಳು ಬೆಚ್ಚಿಬೀಳಿಸಿ ಸುಮ್ಮನಾಗುತ್ತವೆ. ದೇಹಕ್ಕೆ ಪೆಟ್ಟಾಗುವುದು ತಟ್ಟೆ, ಲೋಟಗಳಿಂದ.

ಎಲ್ಲಕ್ಕಿಂತ ಮುಖ್ಯ, ಹೊಗೆಯಾಡುವ ಯಾವ ತಿನಿಸೂ ಮಕ್ಕಳಿಗೆ ಬೇಡ. ಆ ಹೊಗೆ ಹೆಚ್ಚಾಗಿ ದ್ರವ ಸಾರಜನಕದ್ದು, ಅದರ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಆವಿಯಾದಾಗ ಅದು ಸುಮಾರು 700 ಪಟ್ಟು ಹಿಗ್ಗುತ್ತದೆ. ಒಂದು ಚಮಚದಷ್ಟು ಹೊಟ್ಟೆ ಸೇರಿದರೂ ಸುಡುವುದರ ಜೊತೆಗೆ ಹೊಟ್ಟೆಯನ್ನು ಒಳಗಿನಿಂದ ಊದಿ ಹರಿಯಬಲ್ಲದು. ಬೆಂಗಳೂರಿನಲ್ಲಿ ಮದುವೆ ಆರತಕ್ಷತೆಯೊಂದರಲ್ಲಿ ಹೊಗೆಯಾಡುವ ಪಾನ್ ತಿಂದ 12 ವರ್ಷದ ಹುಡುಗಿಗೆ ಹೊಟ್ಟೆಯಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದು ವರದಿಯಾದ 2024ರಲ್ಲೇ ದಾವಣಗೆರೆಯಲ್ಲಿ ಸ್ಮೋಕ್ ಬಿಸ್ಕತ್ತು ತಿಂದ ಬಾಲಕ ನರಳಿದ ವಿಡಿಯೊ ಎಲ್ಲೆಡೆ ಹರಿದಾಡಿತು, ಕರ್ನಾಟಕ ಸರ್ಕಾರ ತಿನಿಸುಗಳಿಗೆ ಹೀಗೆ ದ್ರವ ಸಾರಜನಕ ಬಳಸುವುದನ್ನು ನಿಷೇಧಿಸಿತು. ಆದರೂ ಯಾರಾದರೂ ಟೇಬಲಿಗೆ ತಂದರೆ ವಾಪಸ್ ಕಳಿಸಿ. ‘ಬರೀ ಹೊಗೆ ಸಾರ್, ಏನೂ ಆಗಲ್ಲ’ ಎಂಬ ಮಾತನ್ನು ಒಪ್ಪಬೇಡಿ.

ಡ್ರೈ ಐಸ್ ಕೂಡ ಇದರ ತಮ್ಮನೇ. ಮೈನಸ್ 78 ಡಿಗ್ರಿಯ ಘನರೂಪದ ಇಂಗಾಲದ ಡೈಆಕ್ಸೈಡ್ ಅದು. ಲೋಟದ ತಳದಲ್ಲಿ ಸಾಮಾನ್ಯ ಐಸಿನ ಹಾಗೆಯೇ ಕಾಣುತ್ತದೆ, ಮಕ್ಕಳಿಗೆ ಐಸ್ ಕಡಿಯುವ ಅಭ್ಯಾಸ. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರದ ಮುಖವಾಸದ ಬದಲು ಡ್ರೈ ಐಸ್ ಬಾಯಿಗೆ ಹಾಕಿಕೊಂಡ ಐದು ಜನ ರಕ್ತ ಕಾರಿದರು. ಹಾಗಾಗಿ ಬಿಲ್ಲಿನ ಜೊತೆ ಬರುವ ಸೋಂಪನ್ನೂ ನೀವು ನೋಡಿದ ಮೇಲೆಯೇ ಮಗುವಿಗೆ ಕೊಡಿ. ತಪ್ಪಿ ಬಾಯಿಗೆ ಹೋಗಿದ್ದರೆ ತಕ್ಷಣ ಉಗುಳಿಸಿ, ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ.

ಬಣ್ಣಗಳ ಬಗ್ಗೆ, ಮುಖ್ಯವಾಗಿ ಸಸ್ಯಾಹಾರಿ ಮನೆಗಳವರು, ಕೇಳಿ ತಿಳಿಯಬೇಕಾದ್ದು ಸ್ವಲ್ಪ ಇದೆ. ಕಪ್ಪು ಪಾಸ್ತಾ, ಕಪ್ಪು ಬನ್ನಿಗೆ ಬಣ್ಣ ಎರಡು ರೀತಿಯಲ್ಲಿ ಬರುತ್ತದೆ: ಒಂದು ಸ್ಕ್ವಿಡ್ ಎಂಬ ಕಡಲಜೀವಿಯ ಶಾಯಿ, ಇನ್ನೊಂದು ಆಕ್ಟಿವೇಟೆಡ್ ಚಾರ್ಕೋಲ್, ಅಂದರೆ ಸಂಸ್ಕರಿಸಿದ ಇದ್ದಿಲು. ಮೊದಲನೆಯದು ಮಾಂಸಾಹಾರ. ಎರಡನೆಯದು ಸಸ್ಯಾಹಾರವೇ ಆದರೂ ಔಷಧಿಯನ್ನು ಹೀರಿಕೊಂಡು ನಿಷ್ಫಲ ಮಾಡುತ್ತದೆ. ದಿನವೂ ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಅದು ಬೇಡ. ಕಣ್ಣುಗುಡ್ಡೆಯ ಹಾಗೆ ಮಾಡಿದ ಜೆಲ್ಲಿ, ಹುಳುವಿನಾಕಾರದ ಗಮ್ಮಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುವುದೇ ಹೆಚ್ಚು. ‘ಚೈನಾ ಗ್ರಾಸ್‌ನಲ್ಲಿ ಮಾಡಿದ್ದಾ, ಜೆಲಾಟಿನ್ನಾ?’ ಎಂದು ಕೇಳಿ. ಪೊಟ್ಟಣದ್ದಾದರೆ ಹಸಿರು ಚುಕ್ಕೆ ನೋಡಿ, ಈಗ ಮಾಂಸಾಹಾರದ ಗುರುತು ಕಂದು ತ್ರಿಕೋನ.

‘ರಕ್ತ’ ಎಂದು ಸುರಿಯುವ ಕೆಂಪು ಸಾಸು ಬೀಟ್‌ರೂಟಿನದೋ ಸ್ಟ್ರಾಬೆರಿಯದೋ ಆಗಿದ್ದರೆ ಚಿಂತೆಯಿಲ್ಲ. ಕಣ್ಣು ಕುಕ್ಕುವಷ್ಟು ಗುಲಾಬಿಯಾಗಿದ್ದರೆ ಬಿಟ್ಟುಬಿಡಿ. ಬಟ್ಟೆಗೆ ಹಾಕುವ ರೊಡಮೈನ್-ಬಿ ಬಣ್ಣವೂ ಸಿಕ್ಕಿದ್ದರಿಂದ 2024ರ ಮಾರ್ಚಿನಲ್ಲಿ ಕರ್ನಾಟಕದಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧವಾಯಿತು. ಅದು ಏನೆಂದು ಮಗುವಿಗೆ ಹೇಳದೆ ತಿಂಡಿ ಆರ್ಡರ್ ಮಾಡುವುದು ಇನ್ನೊಂದು ತಪ್ಪು. ‘ಮಂತ್ರವಾದಿನಿಯ ಬೆರಳು’ ಎಂದು ಬಂದದ್ದು ಬ್ರೆಡ್ ಸ್ಟಿಕ್ಕಿಗೆ ಬಾದಾಮಿಯ ಉಗುರು ಇಟ್ಟದ್ದು ಎಂದು ಮೊದಲೇ ಗೊತ್ತಿದ್ದರೆ ತಿನ್ನುತ್ತದೆ, ಇಲ್ಲವಾದರೆ ತಟ್ಟೆ ತಳ್ಳುತ್ತದೆ. ಬೀಜದ ಅಲರ್ಜಿ ಇರುವ ಮಗುವಿಗೆ ಆ ಉಗುರೇ ಅಪಾಯ. ಕತ್ತಲಲ್ಲಿ ಕಾಣದು, ಟಾರ್ಚ್ ಹಾಕಿ ನೋಡಿ. ಏನೇ ತರಿಸಿದರೂ ಮಗುವಿಗೆ ಪರಿಚಯದ ಒಂದು ತಿನಿಸು, ಅನ್ನವೋ ಫ್ರೆಂಚ್ ಫ್ರೈಸೋ, ಎದುರಿಗಿರಲಿ.

ವೇಷಧಾರಿ ಟೇಬಲಿಗೆ ಬಂದಾಗ

ಬರುವ ಮೊದಲೇ ಸಪ್ಲೈಯರಿಗೆ ಹೇಳಿಡಿ: ‘ನಮ್ಮ ಟೇಬಲಿಗೆ ಎದುರಿನಿಂದ ಬನ್ನಿ, ಹಿಂದಿನಿಂದ ಬೇಡ. ಮಗುವನ್ನು ಮುಟ್ಟಬೇಡಿ.’ ಕಸುಬು ಬಲ್ಲ ವೇಷಧಾರಿ ಮಗುವಿನ ಮುಖ ನೋಡಿಯೇ ನಾಲ್ಕು ಹೆಜ್ಜೆ ದೂರ ನಿಂತು ತಮಾಷೆ ಮಾಡುತ್ತಾನೆ. ಅವನನ್ನು ಮಗು ಹೆಸರು ಕೇಳಲಿ, ‘ಊಟ ಆಯ್ತಾ ನಿಮ್ದು?’ ಎಂದು ಕೇಳಲಿ. ಪ್ರಶ್ನೆ ಕೇಳುವವರು ಆಟದ ಯಜಮಾನರು.

ಫೋಟೋಗಾಗಿ ಮಗುವನ್ನು ವೇಷಧಾರಿಯ ತೊಡೆಯ ಮೇಲೆ ಕೂರಿಸಬೇಡಿ. ಅಳುವ ಮುಖದ ರೀಲ್ ಮಾಡಬೇಡಿ, ಅದು ಶಾಲೆಯ ಗೆಳೆಯರವರೆಗೆ ಹೋಗುತ್ತದೆ. ‘ಗಂಡು ಹುಡುಗ ಅಳ್ತಾರಾ?’ ಎನ್ನಬೇಡಿ. ‘ಊಟ ಬಿಟ್ರೆ ಆ ದೆವ್ವ ಎತ್ಕೊಂಡು ಹೋಗುತ್ತೆ’ ಎನ್ನುವುದಂತೂ ಖಂಡಿತ ಬೇಡ. ಮನೆಯಲ್ಲಿ ‘ಗುಮ್ಮ ಬರ್ತಾನೆ’ ಎಂದು ಉಣಿಸಿದ ಅಭ್ಯಾಸ ಇಲ್ಲಿ ಬಾಯಿಗೆ ತಾನಾಗಿ ಬರುತ್ತದೆ. ಇಲ್ಲಿ ಗುಮ್ಮ ಎದುರಿಗೇ ನಿಂತಿದ್ದಾನೆ, ಮಗು ಆ ಮಾತನ್ನು ಅಕ್ಷರಶಃ ನಂಬುತ್ತದೆ.

ಮಗು ಹಿಡಿತ ತಪ್ಪಿದರೆ

ಅಳು ಸುಲಭವಾಗಿ ಕಾಣುತ್ತದೆ. ಕಾಣದೇ ಹೋಗುವ ಗುರುತುಗಳೇ ಮುಖ್ಯ: ಮಾತು ನಿಲ್ಲುವುದು, ಕೈ ತಣ್ಣಗಾಗುವುದು, ಒಂದೇ ಕಡೆ ದಿಟ್ಟಿಸುವುದು, ಪದೇ ಪದೇ ಮೂತ್ರಕ್ಕೆ ಎನ್ನುವುದು, ವಿಚಿತ್ರವಾಗಿ ಏರಿದ ನಗು. ಸುಮ್ಮನೆ ಕೂತ ಮಗು ಧೈರ್ಯವಾಗಿದೆ ಎಂದುಕೊಳ್ಳುವುದು ಬಹಳ ಮಂದಿ ಮಾಡುವ ತಪ್ಪು.

ಯಾರು ಮಗುವಿನ ಜೊತೆ ಎದ್ದು ಹೋಗುವುದು, ಯಾರು ಗಲ್ಲಾದ ಬಳಿ ಹಣ ಕೊಟ್ಟು ಬರುವುದು ಎಂದು ಕೂರುವಾಗಲೇ ಗೊತ್ತುಮಾಡಿಕೊಂಡಿರಿ. ‘ಸಾಕು’ ಬಂದ ತಕ್ಷಣ ‘ಇನ್ನೈದು ನಿಮಿಷ, ಐಸ್‌ಕ್ರೀಂ ಬರಲಿ’ ಎನ್ನದೆ ಎದ್ದುಬಿಡಿ. ಕತ್ತಲ ದಾರಿ ಬೇಡ, ಮೊದಲೇ ನೋಡಿಟ್ಟ ಬಾಗಿಲಿನಿಂದ ಬೆಳಕಿಗೆ. ಕುಕ್ಕರಗಾಲಲ್ಲಿ ಕೂತು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಿರಿ, ನೀರು ಕುಡಿಸಿ, ಎರಡು ನಿಮಿಷ ಏನನ್ನೂ ಕೇಳಬೇಡಿ. ಉಸಿರು ತಹಬಂದಿಗೆ ಬಂದ ಮೇಲೆ ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ: ಆಟೋ, ಮರ, ನಾಯಿ, ಅಂಗಡಿ, ಚಪ್ಪಲಿ. ‘ಏನೂ ಇರಲಿಲ್ಲವಲ್ಲ’ ಎಂದರೆ ಅದರ ಅನುಭವವನ್ನೇ ಸುಳ್ಳು ಮಾಡಿದಂತೆ. ‘ತುಂಬಾ ಜೋರಾಗಿ ಸದ್ದು ಬಂತು, ಅಲ್ವಾ?’ ಎನ್ನಿ. ಬಾಗಿಲ ಬಳಿ ನಿಂತು ಒಮ್ಮೆ ಇಣುಕಿ ನೋಡುತ್ತೀಯಾ ಎಂದು ಒಂದು ಸಲ ಕೇಳಬಹುದು. ಬೇಡ ಎಂದರೆ ಉಳಿದ ಊಟ ಕಟ್ಟಿಸಿಕೊಂಡು ಮನೆಗೆ.

ಬಿಲ್ಲಿನ ಬಗ್ಗೆ ಎರಡೇ ಮಾತು. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇಕಡಾ 5. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಬಿಲ್ಲಿನಿಂದ ಅದನ್ನು ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಬೇರೆ ಜಾತಿಯ ಎರಡು ಜಾಗ

ಅಹಮದಾಬಾದಿಗೆ ಹೋದವರು ಸಿದಿ ಸೈಯದ್ ಮಸೀದಿಯ ಜಾಲಿ ನೋಡಿಕೊಂಡು ಹತ್ತಿರದ ಲಾಲ್ ದರ್ವಾಜಾದ ನ್ಯೂ ಲಕ್ಕಿ ರೆಸ್ಟೋರೆಂಟಿಗೆ ಹೋಗುವುದುಂಟು. ಅಲ್ಲಿ ಟೇಬಲುಗಳ ನಡುವೆ ಇರುವುದು ನಿಜವಾದ ಗೋರಿಗಳು, ಸುತ್ತ ಕಬ್ಬಿಣದ ಕಟಕಟೆ. ಎಂ.ಎಫ್. ಹುಸೇನ್ ಕೊಟ್ಟ ಚಿತ್ರವೊಂದು ಗೋಡೆಯ ಮೇಲಿದೆ. ಹೆದರಿಸುವ ಯಾವ ಸಾಮಗ್ರಿಯೂ ಇಲ್ಲ, ಜನ ಚಹಾ ಮತ್ತು ಮಸ್ಕಾ ಬನ್ ತಿಂದು ಪೇಪರ್ ಓದುತ್ತಾರೆ. ‘ಸತ್ತವರು ಎಲ್ಲಿಗೆ ಹೋಗ್ತಾರೆ?’ ಎಂದು ಕೇಳುವ ವಯಸ್ಸಿನ ಮಗುವಿಗೆ ಇದಕ್ಕಿಂತ ಶಾಂತವಾದ ಪಾಠಶಾಲೆ ಸಿಗದು. ನಿಯಮ ಮಾತ್ರ ಬೇರೆ: ಕಟಕಟೆಗೆ ಒರಗಬಾರದು, ಚೀಲ ತೂಗುಹಾಕಬಾರದು, ಹೂ ಮುಟ್ಟಬಾರದು, ದೆವ್ವದ ಕೂಗು ಕೂಗಬಾರದು.

ಅಮೆರಿಕದಲ್ಲಿರುವ ಕನ್ನಡದ ಮನೆಗಳವರು ರಜೆಗೆ ಆರ್ಲಾಂಡೊಗೆ ಹೋಗುತ್ತಾರೆ. 2025ರ ಮೇ 22ರಂದು ಅಲ್ಲಿ ತೆರೆದ ಮನರಂಜನಾ ಉದ್ಯಾನ ಯೂನಿವರ್ಸಲ್ ಎಪಿಕ್ ಯೂನಿವರ್ಸ್‌ನ ‘ಡಾರ್ಕ್ ಯೂನಿವರ್ಸ್’ ವಿಭಾಗದಲ್ಲಿ ರಕ್ತಪಿಶಾಚಿಗಳ ವಿಷಯದ ‘ದಾಸ್ ಸ್ಟೇಕ್‌ಹೌಸ್’ ಇದೆ. ಬಿಸಿಲಿರುವಾಗಲೇ ಹೋಗಿ. ಮಾಂಸದ ಮೆನು, ಸಸ್ಯಾಹಾರ ಏನಿದೆ ಎಂದು ಆ್ಯಪಿನಲ್ಲಿ ಮೊದಲೇ ನೋಡಿಕೊಳ್ಳಿ. ಅಲ್ಲೇ ಇರುವ ‘ಬರ್ನಿಂಗ್ ಬ್ಲೇಡ್’ ಎಂಬ ಪಾನಗೃಹದ ಗಾಳಿಯಂತ್ರದ ರೆಕ್ಕೆಗಳು ಆಗಾಗ ನಿಜವಾದ ಬೆಂಕಿಯಲ್ಲಿ ಉರಿಯುತ್ತವೆ. ಚಿಕ್ಕವರಿಗೆ ಮೊದಲೇ ಹೇಳಿ, ದೂರ ನಿಂತು ನೋಡಿ.

ಆ ರಾತ್ರಿ

ಮಲಗುವ ಮೊದಲು ಕಂಡದ್ದನ್ನು ಚಿತ್ರ ಬರೆಯಲಿ. ಅಸ್ಥಿಪಂಜರಕ್ಕೆ ಟೋಪಿ, ದೆವ್ವಕ್ಕೆ ಮೀಸೆ ಬರೆಯಲಿ. ಅಜ್ಜಿ ದೃಷ್ಟಿ ತೆಗೆಯುತ್ತೇನೆ ಎಂದರೆ ತೆಗೆಯಲಿ, ಉಪ್ಪು ಮೆಣಸಿನಕಾಯಿ ಚಟಪಟ ಎನ್ನುವಾಗ ಆ ದಿನದ ಹೆದರಿಕೆ ಅಲ್ಲಿಗೆ ಮುಗಿಯಿತು ಎಂದು ಮಗುವಿಗೂ ಅನಿಸುತ್ತದೆ. ಒಂದು ಕಾಲದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಮಗು ಬಯಸಿದರೆ ತನ್ನ ಕೋಣೆಯ ಬಾಗಿಲಿಗೂ ಬರೆದು ಅಂಟಿಸಿಕೊಳ್ಳಲಿ.

ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಕಣ್ಣು ತೆರೆದುಕೊಂಡೇ ಕಿರುಚಿ, ನಿಮ್ಮ ಗುರುತೂ ಹಿಡಿಯದಿದ್ದರೆ ಅದು ನಿದ್ದೆಯೊಳಗಿನ ಭೀತಿ. ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ, ತಾನಾಗಿ ಮಲಗುತ್ತದೆ, ಬೆಳಿಗ್ಗೆ ನೆನಪಿರುವುದಿಲ್ಲ. ಬೆಳಗಿನ ಜಾವ ಎದ್ದು ಕನಸು ಹೇಳುತ್ತಾ ಅತ್ತರೆ ಅದು ಕೆಟ್ಟ ಕನಸು. ಆಗ ಎಬ್ಬಿಸಿ, ದೀಪ ಹಾಕಿ, ತಬ್ಬಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ಎರಡು ಮೂರು ರಾತ್ರಿ ಹೀಗಾಗುವುದು ಸಹಜ. ವಾರಗಟ್ಟಲೆ ಮುಂದುವರಿದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಶಾಲೆಗೆ ಹೋಗಲಾರೆ ಎಂದರೆ ಮಕ್ಕಳ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಹೋಗೋಣ ಎಂದು ಮಗು ತಾನಾಗಿ ಕೇಳುವವರೆಗೆ ನೀವು ಆ ಮಾತು ಎತ್ತಬೇಡಿ. ಕೇಳಿದಾಗ ಅದೇ ಹೋಟೆಲು, ಅದೇ ಟೇಬಲು ಇರಲಿ, ಮತ್ತು ಈ ಸಲ ಮುಂದೆ ನಡೆಯುವವರು ಮಕ್ಕಳು. ಫುಸ್ ಎನ್ನುವ ಗೊಂಬೆ ಎಲ್ಲಿದೆ ಎಂದು ಅವರೇ ನಿಮಗೆ ತೋರಿಸಲಿ.